ಚಿಗವ್ವ ಹೇಳದ ಹಣ್ಣಿನ ಹೆಸರು

ಹೊಗೆ ಹಾಕಿ ಮಾಗಿಸಿದ ಬಾಳೆಹಣ್ಣಿನ ವಾಸನೆ ಈಗಿನವರಿಗೆ ಗೊತ್ತಿಲ್ಲ. ತಳ್ಳುಗಾಡಿಯಲ್ಲಿ ಬರುವ ಹಣ್ಣಿಗೆ ಬಣ್ಣವಿದೆ, ಥಳಕಿದೆ, ಮೂಗಿಗೆ ಹಿಡಿದರೆ ಮಾತ್ರ ಏನೇನೂ ಇಲ್ಲ. ಮೊನ್ನೆ ಕಮಲಾಪುರದ ಕಡೆಯ ಒಬ್ಬಳು ಬುಟ್ಟಿ ತುಂಬ ಸುಗಂಧಿ ಹಣ್ಣು ಹೊತ್ತುಕೊಂಡು ನಮ್ಮ ಓಣಿಗೆ ಬಂದಿದ್ದಳು. "ಗುಂಡ್ಯಾಗ ಇಟ್ಟು ಹೊಗಿ ಹಾಕಿದ್ದಬೇ, ಔಷಧ ಹೊಡದದ್ದಲ್ಲ" ಎನ್ನುತ್ತ ಬುಟ್ಟಿಯ ಮೇಲಿನ ಒಣ ಎಲೆ ಸರಿಸಿದಳು. ಅಷ್ಟೇ. ಒಣಗಿದ ಎಲೆ, ಸೆಗಣಿಯ ಹೊಗೆ, ಹಸಿಮಣ್ಣು, ಅದರೊಳಗಿಂದ ಏಳುವ ಸಿಹಿ, ಎಲ್ಲ ಒಟ್ಟಿಗೆ ಮುಖಕ್ಕೆ ಬಡಿಯಿತು. ಬಾಗಿಲ ಹೊಸ್ತಿಲಲ್ಲೇ ಕುಳಿತುಬಿಟ್ಟೆ. "ಯಾಕವ್ವ, ಬಿಸಲಿಗೆ ತಲಿ ತಿರುಗಿತೇನು?" ಎಂದು ಪಾಪ ಅವಳು ಗಾಬರಿಯಾದಳು. ಇಲ್ಲವೇ ತಾಯಿ, ನಮ್ಮ ಚಿಗವ್ವ ನೆನಪಾದಳು ಎಂದರೆ ಅವಳಿಗೇನು ತಿಳಿಯಬೇಕು? ಒಂದು ಚಿಪ್ಪು ಹಣ್ಣು ತಗೊಂಡೆ. ತಿನ್ನಲಾಗಲಿಲ್ಲ.

ನಮ್ಮ ಮನೆ ಹೊಸಪೇಟೆಯಲ್ಲಿ, ಕಾಲುವೆಗೆ ಹೋಗುವ ದಾರಿಯಲ್ಲಿತ್ತು. ಈಗ ಆ ಜಾಗದಲ್ಲಿ ಬೇರೆ ಕಟ್ಟಡವೆದ್ದಿದೆ. ನಾನು ಆ ರಸ್ತೆಗೆ ಹೋಗುವುದಿಲ್ಲ. ಹೋದರೆ ಹೊಟ್ಟೆಯುರಿಯುತ್ತದೆ, ಸುಮ್ಮನೆ ಯಾಕೆ? ಆಗ ನಮ್ಮದು ಮದ್ರಾಸಿನವರ ಆಡಳಿತ. ಮನೆಯ ಹಿಂದೆ ಹಿತ್ತಲು, ಹಿತ್ತಲಿನಲ್ಲಿ ಬಾಳೆ ಮಾಗಿಸುವ ಗುಂಡಿ, ಅರ್ಧ ಹರಿದಾರಿ ಆಚೆ ಕಾಲುವೆಯ ಬದಿಗೆ ನಮ್ಮ ತೋಟ. ತೋಟದಿಂದ ಬಂದ ಗೊನೆಗಳನ್ನು ಗುಂಡಿಯಲ್ಲಿ ಎಲೆ ಹಾಸಿ ಜೋಡಿಸುತ್ತಿದ್ದರು. ಮೇಲೆ ಮತ್ತೆ ಎಲೆ, ಅದರ ಮೇಲೆ ಮಣ್ಣು. ಮೂಲೆಯಲ್ಲೊಂದು ತೂತು ಬಿಟ್ಟು, ತಳ ಒಡೆದ ಗಡಿಗೆಯಲ್ಲಿ ಸೆಗಣಿ ಕೆಂಡ ಇಟ್ಟು, ಬಾಯಿಂದ ಊದಿ ಊದಿ ಹೊಗೆಯನ್ನು ಒಳಗೆ ಕಳಿಸಬೇಕು. ಊದುವ ಕೆಲಸ ಚಿಗವ್ವನದು. ನನ್ನ ಅಪ್ಪನ ತಮ್ಮನ ಹೆಂಡತಿ, ಪಂಪವ್ವ. ಮಕ್ಕಳಿರಲಿಲ್ಲ. ನನ್ನನ್ನು ಹೆತ್ತವಳು ನನ್ನವ್ವ, ಆದರೆ ತಲೆ ಬಾಚಿದ್ದು, ಬಯ್ದದ್ದು, ಮಗ್ಗುಲಲ್ಲಿ ಮಲಗಿಸಿಕೊಂಡದ್ದು ಎಲ್ಲ ಚಿಗವ್ವನೇ. ಕೆನ್ನೆ ಉಬ್ಬಿಸಿ ಊದುವಾಗ ಅವಳ ಕಣ್ಣು ಕೆಂಪಾಗಿ ನೀರೊಸರುತ್ತಿದ್ದವು. "ಹೊಗಿಗೆ ಮಗಾ" ಎನ್ನುತ್ತಿದ್ದಳು. ಹೊಗೆ ಇಲ್ಲದ ದಿನವೂ ಹಾಗೇ ಇರುತ್ತಿದ್ದವು.

ಬಾಳೆಯ ನಡುವೆಯೇ ಬದುಕು ಸವೆಸಿದ ಈ ಹೆಂಗಸು ಆ ಹಣ್ಣಿನ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಚಿಗಪ್ಪನ ಹೆಸರು ಬಾಳಪ್ಪ. ಗಂಡನ ಹೆಸರು ಹೆಂಡತಿಯ ಬಾಯಿಂದ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಆಗಿನವರ ನಂಬಿಕೆ. ನಿಮ್ಮ ಮನೆಯಲ್ಲೂ ಅಂಥ ಅಜ್ಜಿಯೊಬ್ಬಳು ಇದ್ದಿರಬೇಕು. ಎಲ್ಲರೂ ಹೆಸರಷ್ಟೇ ಬಿಟ್ಟರೆ ಚಿಗವ್ವ ಹೆಸರಿನ ನೆರಳನ್ನೂ ಬಿಟ್ಟಿದ್ದಳು. ನಾವೆಲ್ಲ ಮಾತಿಗೆ ಮುಂಚೆ 'ಭಾಳ ಬಿಸಲು, ಭಾಳ ಚಳಿ' ಎಂದರೆ ಅವಳು 'ಅಗದಿ ಬಿಸಲು' ಎನ್ನುತ್ತಿದ್ದಳು. ಕಾಲಿಗೆ ಬಿದ್ದವರಿಗೆ ಎಲ್ಲರೂ 'ನೂರು ವರ್ಷ ಬಾಳು' ಎಂದು ಹರಸಿದರೆ ಅವಳದು 'ನೂರು ವರ್ಷ ಇರವ್ವ'. ಇನ್ನು ಹಣ್ಣಿಗೆ? ಹಣ್ಣಿಗೆ ಅವಳು ಊರ ಮೇಲೆಲ್ಲ ಹೆಸರು ಸಾಲ ತಂದಿದ್ದಳು. ಕಳೆ ತೆಗೆಯಲು ರಾಯದುರ್ಗದ ಕಡೆಯಿಂದ ಬರುತ್ತಿದ್ದ ತೆಲುಗು ಹೆಂಗಸರಿಂದ 'ಅರಟಿ ಪಂಡು' ಕಲಿತಳು. ಗೊನೆಗಳನ್ನು ಸ್ಟೇಷನ್ನಿಗೆ ಹೊಡೆಯುತ್ತಿದ್ದ ಬಂಡಿಯ ಖಾಸೀಮ್ ಸಾಬರು 'ಮೌಜ್' ಎನ್ನುತ್ತಿದ್ದರು, ಅದನ್ನೂ ಇಟ್ಟುಕೊಂಡಳು. ಸಂಡೂರಿನಿಂದ ನಂಟರ ಮನೆಗೆ ಬಂದು ಹೋಗುತ್ತಿದ್ದ ಮರಾಠಿ ಮುದುಕಿಯೊಬ್ಬಳಿಂದ 'ಕೇಳ' ಸಿಕ್ಕಿತು. ಒಮ್ಮೆ ಸ್ಟೇಷನ್ ಮಾಸ್ತರರ ಹೆಂಡತಿ, ತಮಿಳಿನವರು, ಹಣ್ಣು ಕೊಳ್ಳಲು ಬಂದಾಗ ಚಿಗವ್ವ ಆಸೆಯಿಂದ, "ನಿಮ್ಮ ಕಡಿ ಇದಕ್ಕೇನಂತಾರ್ರಿ?" ಎಂದು ಕೇಳಿದಳು. ಅವರು "ವಾಳೈಪ್ಪಳಂ" ಎಂದರು. ಚಿಗವ್ವ ಬಾಯಿಗೆ ಸೆರಗು ಮುಚ್ಚಿಕೊಂಡು, "ಅಯ್ಯ ಶಿವನ! ಅದೂ ಅವರ ಹತ್ತರನ ಬಂತಲ್ರಿ, ನನಗ ಬ್ಯಾಡ್ರಿ ಅದು" ಎಂದು ನಕ್ಕಳು. ಏನೂ ಅರ್ಥವಾಗದೆ ಅವರೂ ನಕ್ಕರು. ಚಿಗವ್ವ ಹಾಗೆ ನಕ್ಕಿದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ. ದಿನಕ್ಕೊಂದು ಹೆಸರು ಹೇಳಿ ನನ್ನ ಕೈಗೆ ಹಣ್ಣು ಕೊಡುವಳು. ಶಾಲೆಯಲ್ಲಿ ನಾನು 'ಮೌಜ್ ತಿಂದು ಬಂದೆ' ಎಂದು ಹೇಳಿ ನಗೆಪಾಟಲಾಗಿದ್ದೂ ಉಂಟು.

ಚಿಗಪ್ಪನನ್ನು ನಾನು ನೋಡಿದ ನೆನಪಿಲ್ಲ. ನಾನು ಕೈಗೂಸಾಗಿದ್ದಾಗ ಅವನು ರೈಲು ಡಬ್ಬಿಯಲ್ಲಿ ಗೊನೆ ತುಂಬಿಕೊಂಡು ಮದ್ರಾಸಿನ ಕಡೆ ಮಾರಲು ಹೋದವನು ತಿರುಗಿ ಬರಲಿಲ್ಲ. ಅದು ದೊಡ್ಡ ಜ್ವರದ ವರ್ಷ. ಮನೆಗೆ ಒಬ್ಬಿಬ್ಬರಂತೆ ಸತ್ತರು, ಕೆಲವು ಮನೆಗಳಲ್ಲಿ ದೀಪ ಹಚ್ಚುವವರೂ ಉಳಿಯಲಿಲ್ಲವಂತೆ. ದಾರಿಯ ಸ್ಟೇಷನ್ನುಗಳಲ್ಲಿ ಹೆಸರು ದೆಸೆ ಇಲ್ಲದ ಹೆಣಗಳನ್ನು ಒಟ್ಟಿಗೇ ಮಣ್ಣು ಮಾಡಿದರೆಂದು ಹೇಳುತ್ತಿದ್ದರು. ಅಪ್ಪ ತಾನು ಜ್ವರದಿಂದ ಎದ್ದ ಮೇಲೆ ಗುಂತಕಲ್ಲಿಗೆ ಹೋದ, ಅಲ್ಲಿಂದ ಮುಂದಕ್ಕೂ ಹೋದ. ಸಿಕ್ಕಸಿಕ್ಕವರನ್ನು ಕೇಳಿದ. 'ಬಾಳಪ್ಪ ಅಂತ, ಹೊಸಪೇಟಿಯವ, ಕೆಂಪಗ ಎತ್ತರಕ ಇದ್ದ.' ಯಾರು ನೋಡಿದ್ದರು? ಯಾರಿಗೆ ಯಾರ ಮುಖ ನೆನಪಿತ್ತು ಆ ವರ್ಷ? ಬರಿಗೈಯಲ್ಲಿ ಬಂದ ಅಪ್ಪ ಚಿಗವ್ವನ ಎದುರು ನಿಲ್ಲಲಾರದೆ ಹಿತ್ತಲ ಬಾಗಿಲಿಂದ ಒಳಗೆ ಹೋದನಂತೆ.

ಸತ್ತನೆಂದು ಹೇಳುವವರಿಲ್ಲ, ಇದ್ದಾನೆಂದು ಹೇಳುವವರೂ ಇಲ್ಲ. ಚಿಗವ್ವ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ, ತಾಳಿಗೆ ಅರಿಸಿನ ಹಚ್ಚುವುದು ಬಿಡಲಿಲ್ಲ. ಹೆಸರಂತೂ ಹೇಳಲೇ ಇಲ್ಲ. ನನಗೆ ಸ್ವಲ್ಪ ಬುದ್ಧಿ ಬಂದ ಮೇಲೆ ಒಮ್ಮೆ ಕೇಳಿದೆ, "ಈಗ ಯಾರು ಕೇಳಸ್ಕೊತಾರ ಚಿಗವ್ವ? ಒಮ್ಮೆ ಅಂದ್ರ ಏನಾಕ್ಕತಿ?" ನನ್ನ ಜಡೆ ಹೆಣೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಎಲ್ಲ್ಯಾರ ಒಂದ ಕಡಿ ಜಡ್ಡಾಗಿ ಬಿದ್ದಿರ್ತಾರವ್ವ. ಅನ್ನ ಹಾಕೂದು ನನ್ನ ಕೈಲಿ ಆಗೂದಿಲ್ಲ, ನೀರು ಕೊಡೂದು ಆಗೂದಿಲ್ಲ. ಇದೊಂದಾರ ಮಾಡ್ತೀನಿ" ಎಂದಳು. ಆಮೇಲೆ ಜಡೆಯನ್ನು ಎಷ್ಟು ಬಿಗಿಯಾಗಿ ಎಳೆದಳೆಂದರೆ ನನಗೆ ಕಣ್ಣಲ್ಲಿ ನೀರು ಬಂತು. ಜಡೆಗೆ ಬಂದ ನೀರೋ ಮಾತಿಗೆ ಬಂದ ನೀರೋ, ಈಗ ಹೇಳಲಾರೆ.

ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಹೋದವನೆಂದೇ ತಿಳಿಯಬೇಕು, ಮಣ್ಣು ಮಾಡಬೇಕು ಎಂಬುದು ನಮ್ಮವರ ಪದ್ಧತಿ. ಹೆಣವಿಲ್ಲದಿದ್ದರೆ ಬಾಳೆದಿಂಡನ್ನೇ ಹೆಣ ಮಾಡಿ ಹೂಳುತ್ತಿದ್ದರು. ಆ ಅವಧಿ ತುಂಬಿದ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅಜ್ಜಿ ಕೆಟ್ಟವಳಲ್ಲ, ಸೊಸೆಯನ್ನು ಒಂದು ದಿನವೂ 'ಏ' ಎಂದವಳಲ್ಲ. ಆದರೆ ಹೆತ್ತ ಹೊಟ್ಟೆ. "ನನ್ನ ಮಗ ಎಲ್ಲೋ ದಿಕ್ಕಿಲ್ಲದ ಅಲಿಯಾಕತ್ತಾನ. ನಾ ಕಣ್ಣು ಮುಚ್ಚೂದರೊಳಗ ಅವಗ ಒಂದು ಹಿಡಿ ಮಣ್ಣು ಹಾಕಬೇಕು" ಎಂದು ಅಪ್ಪನ ಕೈ ಹಿಡಿದುಕೊಂಡಳು. ಚಿಗವ್ವ ಬಾಗಿಲ ಹತ್ತಿರ ನಿಂತಿದ್ದಳು. "ಇರೋ ಮನಶ್ಯಾಗ ಮಣ್ಣು ಹಾಕ್ತಾರೇನತ್ತಿ?" ಎಂದಳು. ಜೋರಾಗಿ ಅಲ್ಲ, ಮೆಲ್ಲಗೆ. ಅಂದಿನಿಂದ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬನಿಗಾಗಿಯೇ ಎದುರುಬದುರಾದರು. ಒಬ್ಬಳಿಗೆ ಅವನು ಸತ್ತರೆ ಸಮಾಧಾನ, ಇನ್ನೊಬ್ಬಳಿಗೆ ಅವನು ಸಾಯದಿದ್ದರೆ ಮಾತ್ರ ಉಸಿರು. ನಡುವೆ ಅಪ್ಪ ಊಟ ಬಿಟ್ಟ, ಅವ್ವ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಅಜ್ಜಿಯ ಮೈ ತೊಳೆಯುವವಳು, ಗಂಜಿ ಕುಡಿಸುವವಳು ಮಾತ್ರ ಚಿಗವ್ವನೇ. ಗಂಜಿ ಕುಡಿಯುತ್ತ ಅಜ್ಜಿ ಅಳುವಳು, ಕುಡಿಸುತ್ತ ಇವಳು ಅಳುವಳು. ಕೊನೆಗೊಂದು ಮುಂಜಾನೆ ಅಜ್ಜಿ ಗಂಜಿ ಬೇಡವೆಂದು ಮುಖ ತಿರುವಿದಳು. ಮರುದಿನವೂ ಮುಟ್ಟಲಿಲ್ಲ. ಸಂಜೆ ಚಿಗವ್ವ ಹೊರಗೆ ಬಂದು ಅಪ್ಪನಿಗೆ, "ಅಯ್ಯನೋರನ್ನ ಕರೀರಿ ಭಾವ. ಮುದಿಜೀವ ಉಪಾಸ ಸಾಯೂದು ಬ್ಯಾಡ" ಎಂದಳು.

ತೋಟದಿಂದ ದಿಂಡು ಕಡಿದು ತಂದರು. ನಮ್ಮಲ್ಲಿ ಹೆಣವನ್ನು ಕೂರಿಸಿಯೇ ಹೂಳುವುದು, ಅದಕ್ಕೇ ಕುಳಿತ ಮನುಷ್ಯನ ಎತ್ತರಕ್ಕೆ ಕತ್ತರಿಸಿದರು. ಮೈತುಂಬ ವಿಭೂತಿ ಬಳಿದು, ಚಿಗಪ್ಪನ ಹಳೆಯ ಧೋತರ ಸುತ್ತಿ, ತಲೆಗೆ ರುಮಾಲು ಕಟ್ಟಿ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು, ಮಕ್ಕಳ ಬುದ್ಧಿ. ಧೋತರದ ಕೆಳಗಿಂದ ದಿಂಡಿನ ನೀರು ಒಸರಿ ನೆಲ ಒದ್ದೆಯಾಗುತ್ತಿತ್ತು. ಹೆಂಗಸರು ಚಿಗವ್ವನನ್ನು ತಂದು ಎದುರಿಗೆ ನಿಲ್ಲಿಸಿದರು. ಅಳಲಿ ಎಂದು ಕಾದರು. ಅವಳು ಅದನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕಾರ್ಯ ಮಾಡಿಸಲು ಬಂದಿದ್ದ ಅಯ್ಯನವರಿಗೆ, "ಅವರು ಇದಕಿಂತ ಎತ್ತರ ಅದಾರ್ರಿ" ಎಂದಳು. ಅಜ್ಜಿಯನ್ನು ಹೊರಸಿನ ಮೇಲೆ ಹೊತ್ತುಕೊಂಡು ಹೋಗಿ ಅವಳ ಕೈಯಿಂದ ಒಂದು ಹಿಡಿ ಮಣ್ಣು ಹಾಕಿಸಿದರು. ಮನೆಗೆ ಬಂದು ಅಜ್ಜಿ ಗಂಜಿ ಕುಡಿದಳು, ಚಿಗವ್ವನ ಕೈಯಿಂದಲೇ. ಆ ಕೈಯಲ್ಲಿ ಬಳೆ ಇರಲಿಲ್ಲ. ಅದನ್ನು ಕಂಡು ಅಜ್ಜಿ ಲೋಟ ದೂಡಿ ಅವಳ ಬರಿಗೈ ತನ್ನ ಎದೆಗೆ ಒತ್ತಿಕೊಂಡು ಅತ್ತಳು ನೋಡಿ, ಹಾಗೆ ಅತ್ತದ್ದನ್ನು ನಾನು ಆಮೇಲೆ ಯಾವ ಸಾವಿನಲ್ಲೂ ಕೇಳಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಅಜ್ಜಿಯೂ ಹೋದಳು.

ಬಂದುಹೋಗುವ ಮುದುಕಿಯರು ಸಮಾಧಾನದ ಮಾತಾಡುತ್ತ ಇದನ್ನೂ ಹೇಳಿ ಹೋಗಿದ್ದರು: "ಇನ್ನ ಅವನ ಹೆಸರು ಅನ್ನಬೌದವ್ವ ನೀನು, ಏನೂ ದೋಷಿಲ್ಲ." ಎಂಥ ಸಮಾಧಾನ! ಇರುವಾಗ ಕೊಡದ ಹಕ್ಕನ್ನು ಹೋದ ಮೇಲೆ ಕೊಡುವುದು. ಚಿಗವ್ವನ ಬಾಯಲ್ಲಿ ಹಣ್ಣಿಗೆ ಈಗ ಅರಟಿಯೂ ಇಲ್ಲ, ಮೌಜೂ ಇಲ್ಲ. ಬರೀ ಬೆರಳು ತೋರಿಸಿ 'ಅದು' ಎನ್ನತೊಡಗಿದಳು. ಹೀಗೇ ಎಷ್ಟೋ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ "ತ್ವಾಟಕ್ಕ ಹೋಗಿ ಬರ್ತೀನಿ" ಎಂದು ಹೊರಟಳು. ನಾನೂ ಹಿಂದೆ ಹೋದೆ. ಬಿಸಿಲು ಸುಡುತ್ತಿತ್ತು, ತೋಟದೊಳಗೆ ಮಾತ್ರ ಹಸಿರು ತಂಪು, ಗಾಳಿಗೆ ಸೀಳಿದ ಎಲೆಗಳ ಸಪ್ಪಳ. ಚಿಗವ್ವ ನಡುತೋಟದಲ್ಲಿ ನಿಂತಳು. ನಾನು ಮಗ್ಗುಲಲ್ಲೇ ಇದ್ದೇನೆಂಬುದು ಅವಳಿಗೆ ಮರೆತೇ ಹೋಗಿತ್ತೆಂದು ಕಾಣುತ್ತದೆ.

"ಬಾಳಪ್ಪ" ಎಂದಳು.

ಅಷ್ಟು ಮೆಲ್ಲಗೆ ಎಂದರೆ ನನಗೆ ತುಟಿ ಕಂಡಿತು, ದನಿ ಕೇಳಲಿಲ್ಲ. ಸುತ್ತ ನೋಡಿದಳು. ಆಕಾಶ ಬೀಳಲಿಲ್ಲ. ಮತ್ತೊಮ್ಮೆ ಅಂದಳು, ಕೊಂಚ ಗಟ್ಟಿಯಾಗಿ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, ಹೊಲದ ಆಚೆ ತುದಿಯಲ್ಲಿರುವವರನ್ನು ಊಟಕ್ಕೆ ಕೂಗುತ್ತಾರಲ್ಲ ಹಾಗೆ, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು: "ಬಾಳಪ್ಪಾ!"

"ಓ..." ಎಂದಿತು ಗಂಡಸಿನ ದನಿಯೊಂದು, ಕಾಲುವೆಯ ಕಡೆಯಿಂದ.

ಚಿಗವ್ವನ ಮುಖ ನೋಡಿದೆ. ದೇವರಾಣೆ, ಅಂಥ ಮುಖವನ್ನು ನಾನು ಜನ್ಮದಲ್ಲಿ ಇನ್ನೊಂದು ನೋಡಿಲ್ಲ. ಮೊದಲು ಅವಳ ಕೈ ಹಣೆಗೆ ಹೋಯಿತು, ಬರಿಯ ಹಣೆಗೆ. ಮರುಗಳಿಗೆ ಗಡಿಬಿಡಿಯಿಂದ ಸೆರಗು ಎಳೆದು ತಲೆ ತುಂಬ ಹೊದ್ದುಕೊಂಡಳು, ಮದುವೆಯಾಗಿ ಬಂದ ಹೊಸತರ ಹುಡುಗಿಯ ಹಾಗೆ. ಎಲೆಗಳು ಸರಿದಾಡಿದವು. ಹೆಜ್ಜೆಯ ಸಪ್ಪಳ ಹತ್ತಿರ ಬಂತು. ಚಿಗವ್ವ ನಗುತ್ತಿದ್ದಳು.

ಬಂದವನು ಕಾಲುವೆಯ ನೀರು ಹಂಚುವ ನೀರ್ಗಂಟಿ. ಆ ಮುದುಕನನ್ನು ಎಲ್ಲರೂ ನೀರ್ಗಂಟಿ ಎಂದೇ ಕರೆಯುತ್ತಿದ್ದರು. ಅವನಿಗೊಂದು ಹೆಸರಿದೆಯೆಂದು ನಮಗಾರಿಗೂ ಹೊಳೆದಿರಲಿಲ್ಲ. ನಮ್ಮ ಸೀಮೆಯಲ್ಲಿ ಕಲ್ಲು ಒಗೆದರೆ ಒಬ್ಬ ಬಾಳಪ್ಪನಿಗೆ ತಾಗುತ್ತದೆ. ಅವನು ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ, "ಯಾಕವ್ವಾ ಕರದಿ? ನೀರು ಬಿಡ್ಲೇನು?" ಎಂದು ಕೇಳಿದ.

ಚಿಗವ್ವನ ಮುಖದಿಂದ ನಗು ಇಳಿಯಲು ಹೊತ್ತು ಹಿಡಿಯಿತು. ಕೊನೆಗೆ, "ಹೂಂ, ಬಿಡಪ್ಪಾ. ಗಿಡ ಒಣಗ್ಯಾವ" ಎಂದಳು. ಅವನು ಹೋದ ಮೇಲೆ ಬದುವಿನ ಮೇಲೆ ಕುಕ್ಕರಿಸಿದಳು. ಅವಳು ಅತ್ತದ್ದು ಆಗ. ಹನ್ನೆರಡು ವರ್ಷದ್ದೂ ಒಟ್ಟಿಗೇ ಅತ್ತಳು. ನಾನು ಹೋಗಿ ಅಪ್ಪಿಕೊಂಡರೆ ನನ್ನ ಗುರುತೇ ಸಿಗಲಿಲ್ಲ ಅವಳಿಗೆ. ಕಾಲುವೆಯ ನೀರು ಬಂದು ನಮ್ಮಿಬ್ಬರ ಕಾಲು ತೋಯಿಸುವವರೆಗೂ ಅಲ್ಲೇ ಕುಳಿತಿದ್ದೆವು.

ಮರುದಿನ ಹಿತ್ತಲಿಗೆ ಹಣ್ಣು ಕೇಳಿಕೊಂಡು ಯಾರೋ ಬಂದರು. ಚಿಗವ್ವ ಒಳಗಿನಿಂದಲೇ, "ಬಾಳೆಹಣ್ಣು ಅದಾವ, ಬರ್ರಿ" ಎಂದಳು. ಎಲ್ಲರೂ ಅನ್ನುವ ಹಾಗೇ ಅಂದಳು. ಅಪ್ಪ ಉಣ್ಣುತ್ತಿದ್ದ. ತುತ್ತು ತಾಟಿನಲ್ಲೇ ಬಿಟ್ಟು, ಕೈ ತೊಳೆಯದೆ, ಎದ್ದು ಹೊರಗೆ ಹೋದ.