ಆಷಾಢದ ಹನಿಮೂನು

…ಅಥವಾ ಅದು ಲಿಸ್ಬನ್ ಅಲ್ಲ, ನೇಪಲ್ಸ್ ಇದ್ದೀತು. ಹಳದಿ ಟ್ರಾಮೊಂದು ಕಿರುಗುಟ್ಟುತ್ತ ದಿಬ್ಬ ಹತ್ತಿದ ನೆನಪಿರುವುದರಿಂದ ಲಿಸ್ಬನ್ ಎನ್ನುತ್ತಿದ್ದೇನೆ. ಆದರೆ ಹಳದಿ ಟ್ರಾಮು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಮ್ಯಾಗ್ನೆಟ್ಟಿನಲ್ಲೂ ಇದೆ. ದಿನಾ ಹಾಲು ತೆಗೆಯುವಾಗ ಕಾಣುವ ಆ ಟ್ರಾಮು ಇಷ್ಟು ವರ್ಷಗಳಲ್ಲಿ ಮೆಲ್ಲಗೆ ಫ್ರಿಜ್ಜಿನಿಂದಿಳಿದು ನನ್ನ ತಲೆಯೊಳಗಿನ ಹಳಿ ಹತ್ತಿರಲಾರದು ಎಂದು ಯಾರು ಹೇಳಬಲ್ಲರು? ಮುಂದಿನದನ್ನು ನಂಬುವಾಗ ನೀವು ಸ್ವಲ್ಪ ಜಾಗ್ರತೆಯಿಂದಿರಿ. ನಾನಂತೂ ಇರುತ್ತೇನೆ.

ಶುರುವಾದದ್ದು ವಾಸನೆಯಿಂದ. ಈ ಭಾನುವಾರ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸನ್ನಿವೇಲ್‌ನ ನಮ್ಮ ಅಡುಗೆಮನೆಯಲ್ಲಿ ಹೆಂಡತಿ ಹೇಮಾ ತಟ್ಟೆಗೆ ಆಲಿವ್ ಎಣ್ಣೆ ಸುರಿದು, ಅದರ ಮೇಲೆ ಅವಳಮ್ಮ ಮೈಸೂರಿನಿಂದ ಕಳಿಸಿದ ಚಟ್ನಿಪುಡಿ ಉದುರಿಸಿ, ಬಿಸಿ ಬ್ರೆಡ್ಡು ಮುರಿದು ಪಕ್ಕದಲ್ಲಿಟ್ಟಳು. ಬೆಳ್ಳುಳ್ಳಿ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ. ಕೆಳಗಿನಿಂದ ಎಣ್ಣೆಯ ಹಸಿಹುಲ್ಲಿನಂಥ ಘಾಟು. ನಮ್ಮ ಮನೆಯಲ್ಲಿ ಇದಕ್ಕೆ ಹನಿಮೂನ್ ತಿಂಡಿ ಎಂದೇ ಹೆಸರು.

"ವೆಯ್ಟ್," ಎಂದಳು ಮಗಳು ಅನಘಾ, ಬ್ರೆಡ್ಡು ಅದ್ದುತ್ತ. "ಅಜ್ಜಿ ಸೇಸ್ ಯು ಗಯ್ಸ್ ವರ್ ನೆವರ್ ಟುಗೆದರ್ ಆನ್ ಯುವರ್ ಹನಿಮೂನ್. ಈಸ್ ದಟ್ ಟ್ರೂ?"

"ಒಂದ್ಸಲ ಇದ್ವಿ," ಎಂದೆ ನಾನು.

"ಒಂದ್ಸಲಾನೂ ಇರ್ಲಿಲ್ಲ," ಎಂದಳು ಹೇಮಾ, ಅದೇ ಉಸಿರಿನಲ್ಲಿ.

ನಡೆದದ್ದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲದ ಭಾಗವನ್ನು ಮೊದಲು ಹೇಳುತ್ತೇನೆ. ನಮ್ಮ ಮದುವೆ ಮೈಸೂರಿನಲ್ಲಿ, ಚಳಿಗಾಲದಲ್ಲಿ ಆಯಿತು. ಹೇಮಾಳ ಜೊತೆಗೇ ನನ್ನ ಅಮ್ಮನೂ ವಿಮಾನ ಹತ್ತಿ ಸನ್ನಿವೇಲ್‌ಗೆ ಬಂದರು. ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟು, ಮೂರು ಜನ, ನಡುವೆ ನನ್ನ ಆಫೀಸು. ತಿಂಗಳುಗಟ್ಟಲೆ ಒಂದೇ ಮನೆಯಲ್ಲಿದ್ದರೂ ನನ್ನ ಮತ್ತು ಹೇಮಾಳ ಮಾತು ಗ್ರೋಸರಿಯ ಆಚೆ ಹೋಗಿರಲಿಲ್ಲ. ಅದಕ್ಕೇ ಹನಿಮೂನು ಬೇಕಾಗಿತ್ತು. ಲಿಸ್ಬನ್, ನೇಪಲ್ಸ್, ಪಲೆರ್ಮೊ, ಅಥೆನ್ಸ್, ಕೊನೆಗೆ ನಕ್ಸೋಸ್ ಎಂಬ ದ್ವೀಪ. ರಜೆ ಸಿಕ್ಕಿತು, ವೀಸಾ ಸಿಕ್ಕಿತು, ವಾಪಸು ಕೊಡಲಾಗದ ಟಿಕೆಟ್ಟುಗಳೂ ಸಿಕ್ಕವು. ಜುಲೈಯಲ್ಲಿ ಆಷಾಢ ಬರುತ್ತದೆ ಎನ್ನುವುದು ಮಾತ್ರ ಯಾವ ವೆಬ್‌ಸೈಟಿನಲ್ಲೂ ಕಾಣಿಸಲಿಲ್ಲ.

ಮದುವೆಯಾದ ಮೊದಲ ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಬೇಕು, ಗಂಡ ಹೆಂಡತಿ ಒಂದು ಸೂರಿನಡಿ ಇರಕೂಡದು. ಆಷಾಢದಲ್ಲಿ ಬಸಿರಾದರೆ ಹೆರಿಗೆ ಕಡುಬೇಸಿಗೆಗೆ ಬೀಳುತ್ತದೆಂದು ಹಿರಿಯರು ಮಾಡಿದ ಏರ್ಪಾಟು ಅದು ಎನ್ನುತ್ತಾರೆ. ಸನ್ನಿವೇಲ್‌ನಲ್ಲಿ ಏಪ್ರಿಲ್ ತಿಂಗಳಲ್ಲಿ ನಾವು ಸ್ವೆಟರು ಹಾಕಿಕೊಂಡಿರುತ್ತೇವೆ ಎಂದು ಅಮ್ಮನಿಗೆ ಹೇಳಿದೆ. "ಸ್ವೆಟರ್ ಹಾಕ್ಕೊಂಡ್ರೆ ಶಾಸ್ತ್ರ ಬದಲಾಗತ್ತಾ?" ಎಂದರು. ಮೈಸೂರು ದೂರವಾದ್ದರಿಂದ ಮಿಲ್ಪಿಟಾಸ್‌ನಲ್ಲಿದ್ದ ಹೇಮಾಳ ಚಿಕ್ಕಮ್ಮನ ಟೌನ್‌ಹೌಸನ್ನೇ ತವರೆಂದು ಘೋಷಿಸಲಾಯಿತು. ಹೇಮಾ ಸೂಟ್‌ಕೇಸು ಹಿಡಿದು ಫ್ರೀವೇ ದಾಟಿ ತವರಿಗೆ ಹೋದಳು.

ಟಿಕೆಟ್ಟುಗಳು ಉಳಿದವು. ದಾರಿ ಹುಡುಕಿದ್ದು ಚಿಕ್ಕಮ್ಮ. "ಅವಳು ಇವತ್ತು ಹೋಗ್ಲಿ, ಇವನು ನಾಳೆ ಹೋಗ್ಲಿ. ಅವಳು ರೂಮ್ ಬಿಟ್ಟಮೇಲೆ ಇವನು ಸೇರ್ಕೊಳ್ಲಿ. ದುಡ್ಡೂ ದಂಡ ಆಗಲ್ಲ, ದೋಷಾನೂ ಬರಲ್ಲ." ಅಮ್ಮ ಮೈಸೂರಿನ ಪುರೋಹಿತರಿಗೆ ಫೋನು ಮಾಡಿದರು. ಬೇರೆ ಬೇರೆ ತಿಥಿಯಲ್ಲಿ ಹೊಸಿಲು ದಾಟಿದರೆ ಅಡ್ಡಿಯಿಲ್ಲ, ಪೋರ್ಚುಗಲ್ಲಿನ ಹೊಸಿಲಿಗೆ ನಮ್ಮ ಪಂಚಾಂಗ ನಡೆಯುತ್ತದೆಯೋ ಇಲ್ಲವೋ ನೋಡಿ ಹೇಳುತ್ತೇನೆ ಎಂದರಂತೆ. ಇನ್ನೂ ಹೇಳಿಲ್ಲ.

ನಗಬೇಡಿ. ಅಥವಾ ನಗಿ, ಆದರೆ ಇಷ್ಟು ಕೇಳಿ ನಗಿ. ಹೊರಡುವ ಮುನ್ನ ನಾನು ಮಿಲ್ಪಿಟಾಸ್‌ಗೆ ಹೋಗಿದ್ದೆ. ಸೂರಿಲ್ಲದ ಜಾಗವೆಂದು ಡ್ರೈವ್‌ವೇಯಲ್ಲಿ ನಿಂತು ಮಾತಾಡಿದೆವು. ಹೇಮಾ ಹೇಳಿದಳು: "ಅಥೆನ್ಸಿಂದ ಬೆಂಗಳೂರಿಗೂ ಫ್ಲೈಟ್ ಇದೆ. ನಾನು ಯಾವ್ದು ಹತ್ತೀನಿ ಅಂತ ನಂಗಿನ್ನೂ ಗೊತ್ತಿಲ್ಲ." ಕೋಪವಿರಲಿಲ್ಲ. ಕೊತ್ತಂಬರಿ ಒಂದು ಕಟ್ಟು ಸಾಕೋ ಎರಡು ಬೇಕೋ ಎನ್ನುವ ಧ್ವನಿ. ಬೆಂಗಳೂರಿನದು ಹತ್ತಿದರೆ ಅವಳು ತಿರುಗಿ ಬರುವುದಿಲ್ಲ ಎಂದು ನನಗೆ ಅರ್ಥವಾಯಿತು. ಅವಳನ್ನು ಒಲಿಸಿಕೊಳ್ಳಬೇಕಾದ ಪ್ರವಾಸದುದ್ದಕ್ಕೂ ನಾನು ಒಂದು ದಿನ ಹಿಂದೆ ಇರಬೇಕಾಗಿತ್ತು.

ಲಿಸ್ಬನ್ನಿನ ಹೋಟೆಲಿನವನು ಬೀಗದ ಕೈಯ ಜೊತೆ ಒಂದು ಪೊಟ್ಟಣ ಕೊಟ್ಟ. ಟಿಶ್ಯೂ ಕಾಗದದಲ್ಲಿ ಸುತ್ತಿದ ಚಟ್ನಿಪುಡಿ. ಅವಳ ಡಬ್ಬದಿಂದ ನನ್ನ ಪಾಲು. "ನಿನ್ನ ಹೆಂಡತಿ ನಿನಗೆ ಮಣ್ಣು ಬಿಟ್ಟು ಹೋಗಿದ್ದಾಳೆ," ಎಂದ ಅವನು, ಮೂಸಿ ನೋಡಿ ಸೀನುತ್ತ. "ಏನು ಮಾಡಿದೆ ನೀನು? ಓಡಿಹೋಗಿ ಕ್ಷಮೆ ಕೇಳು." ಓಡುವಂತಿಲ್ಲ ಎಂದು ವಿವರಿಸಲು ಹೋದೆ. ಅವನು ನನ್ನ ಹೆಗಲು ತಟ್ಟಿ ತಿನ್ನಲು ಮೀನು ಕೊಟ್ಟ. ನಾನು ಸಸ್ಯಾಹಾರಿ. ತಿಂದೆನೋ ಇಲ್ಲವೋ ನೆನಪಿಲ್ಲ ಎಂದು ಅಮ್ಮನಿಗೆ ಹೇಳಿದ್ದೇನೆ.

ನೇಪಲ್ಸಿನಲ್ಲಿ ಮಂಚ ಕೋಣೆಯ ಗೋಡೆ ಬಿಟ್ಟು ಕಿಟಕಿಯ ಬುಡಕ್ಕೆ ಬಂದಿತ್ತು. ಹೇಮಾ ಒಬ್ಬಳೇ ಎಳೆದದ್ದಂತೆ. ಬೆಳಿಗ್ಗೆ ಕೆಳಗೆ ಬೀದಿಯಲ್ಲಿ ಕೂಗುತ್ತಿದ್ದ ತರಕಾರಿಯವನ ಜೊತೆ ಆ ಕಿಟಕಿಯಿಂದಲೇ ತನ್ನ ಭಾಷೆಯಲ್ಲಿ ಜಗಳವಾಡಿ ಗೆದ್ದಳೆಂದು ಮನೆಯೊಡತಿ ಅಭಿನಯಿಸಿ ತೋರಿಸಿದಳು. ಸನ್ನಿವೇಲ್‌ನಲ್ಲಿ ಹೇಮಾ ದನಿಯೆತ್ತಿದ್ದನ್ನೇ ನಾನು ಕೇಳಿರಲಿಲ್ಲ. ಮಂಚವನ್ನು ಅದರ ಜಾಗಕ್ಕೆ ತಳ್ಳದೆ ಅವಳ ಕಿಟಕಿಯ ಪಕ್ಕದಲ್ಲೇ ಮಲಗಿದೆ. ಪಲೆರ್ಮೊದ ಊಟದ ಮನೆಯಲ್ಲಿ ಅಡುಗೆಯವನಿಗೆ ಒಗ್ಗರಣೆ ಹಾಕುವುದನ್ನು ಕಲಿಸಿ ಹೋಗಿದ್ದಳು. ಸಾಸಿವೆ ಸಿಡಿದಾಗ ಅವನು ಹೆದರಿ ಹಿಂದೆ ಹಾರಿದನಂತೆ, ಅವಳು ಬೀದಿಗೆ ಕೇಳುವಂತೆ ನಕ್ಕಳಂತೆ. ಆ ನಗುವೂ ನಾನು ಕೇಳದ್ದು. "ಯಾಕೆ ಒಟ್ಟಿಗೆ ಬರಲಿಲ್ಲ?" ಎಂದು ಅಡುಗೆಯವನು ಕೇಳಿದ.

"ನಮ್ಮಲ್ಲಿ ಒಂದು ತಿಂಗಳಿದೆ," ಎಂದೆ.

"ಯಾರ ತಿಂಗಳು?"

"ಅಮ್ಮಂದು."

ಅವನಿಗೆ ಕೂಡಲೇ ಎಲ್ಲವೂ ಅರ್ಥವಾಗಿ ನನ್ನನ್ನು ತಬ್ಬಿಕೊಂಡ.

ಹೀಗೆ ಊರಿಂದೂರಿಗೆ ನಾನು ನನ್ನ ಹೆಂಡತಿಯ ನಿನ್ನೆಯಲ್ಲಿ ಬಾಡಿಗೆಗಿದ್ದೆ. ಫೋನಿನಲ್ಲಿ ಅವಳು "ಊಟ ಆಯ್ತಾ" ಎನ್ನುವ ಹೇಮಾಳೇ ಆಗಿದ್ದಳು. ಜಗಳಗಂಟಿ, ಮಂಚ ಎಳೆಯುವವಳು, ನಗುವವಳು ಸದಾ ಆಗತಾನೇ ಎದ್ದು ಹೋಗಿರುತ್ತಿದ್ದಳು. ನಾನು ಪ್ರೀತಿಸತೊಡಗಿದ್ದು ಅವಳನ್ನು. ಅವಳನ್ನು ಒಮ್ಮೆಯೂ ಭೇಟಿಯಾಗಿರಲಿಲ್ಲ.

ಇನ್ನು ತಕರಾರಿನ ಭಾಗ. ಆಷಾಢದ ಗಾಳಿ ಗ್ರೀಸಿಗೂ ಬಂದಿತ್ತು. ಸಮುದ್ರ ಎದ್ದು ನಿಂತು ಹಡಗುಗಳು ನಿಂತವು. ಹೇಮಾ ನಕ್ಸೋಸ್‌ನಲ್ಲಿ ಸಿಕ್ಕಿಕೊಂಡಳು, ನಾನು ಅಥೆನ್ಸಿನ ಬಂದರಿನಲ್ಲಿ. ಮರುದಿನ ಬಿಟ್ಟ ಹಡಗು ನನ್ನನ್ನು ಅಲ್ಲಿಳಿಸಿ ಅವಳನ್ನು ಹತ್ತಿಸಿಕೊಂಡು ಹೊರಡುವುದಿತ್ತು. ಬಂದರಿಗೆ ಸೂರಿಲ್ಲ. ಅಮ್ಮನ ಕಾನೂನಿನಲ್ಲಿ ಅಷ್ಟು ಜಾಗ ಇತ್ತು.

ನನಗೆ ನೆನಪಿರುವುದು ಹೀಗೆ: ಹಡಗಿನ ಹಲಗೆ ಇಳಿಯಿತು. ದೂಳು, ಹಾರುವ ಹಳದಿ ದುಪಟ್ಟಾ. ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ನಾವಿಬ್ಬರೂ ಕೂತೆವು. ಅವಳು ಬ್ರೆಡ್ಡು ಮುರಿದು, ಎಣ್ಣೆಯಲ್ಲಿ ಅದ್ದಿ, ಚಟ್ನಿಪುಡಿ ಉದುರಿಸಿ ನನ್ನ ಬಾಯಿಗಿಟ್ಟಳು. ಗಾಳಿಗೆ ಪುಡಿ ಕಣ್ಣಿಗೆ ಬಿದ್ದು ನಾನು ಅತ್ತೆ, ಅವಳು ಬೀದಿಗೆ ಕೇಳುವಂತೆ ನಕ್ಕಳು. ಸೀಟಿ ಊದಿದಾಗ ಹಲಗೆ ಹತ್ತಿ, ತಿರುಗಿ, "ಸನ್ನಿವೇಲಲ್ಲಿ ಸಿಗ್ತೀನಿ" ಎಂದಳು.

"ಸುಳ್ಳು," ಎಂದಳು ಹೇಮಾ ಈ ಭಾನುವಾರ, ಮಗಳ ಎದುರಿಗೆ. "ಹಡಗಿಂದ ಇಳಿಯೋರಲ್ಲಿ ಒಬ್ಬ ಕಂಬಿ ಹಿಡ್ಕೊಂಡು ವಾಂತಿ ಮಾಡ್ತಿದ್ದ. ಬೆನ್ನು ನೋಡಿ ಇವನೇ ಇರ್ಬೇಕು ಅನ್ಕೊಂಡೆ. ಹಿಂದಿನೋರು ತಳ್ತಾ ಇದ್ರು. ಹತ್ತಿಬಿಟ್ಟೆ."

"ಮತ್ತೆ ಬ್ರೆಡ್ಡು?"

"ನಾನೊಬ್ಳೇ ತಿಂದೆ. ಚೆನ್ನಾಗಿತ್ತು."

"ನಂಗೆ ರುಚಿ ಹೇಗೆ ಗೊತ್ತು ಹಾಗಾದ್ರೆ?"

"ಇಲ್ಲಿಗೆ ಬಂದ್ಮೇಲೆ ನಾನೇ ಮಾಡ್ಕೊಟ್ಟೆ, ಮಹರಾಯ."

"ಹಳದಿ ದುಪಟ್ಟಾ?"

"ನನ್ಹತ್ರ ಹಳದಿ ದುಪಟ್ಟಾನೇ ಇರ್ಲಿಲ್ಲ." ಅವಳು ಫ್ರಿಜ್ಜಿನ ಕಡೆ ಕೈ ತೋರಿಸಿದಳು. "ಅದು ಟ್ರಾಮು."

"ಸೋ ಡ್ಯಾಡ್ ವಾಸ್ ಜಸ್ಟ್ ಸೀಸಿಕ್," ಎಂದಳು ಅನಘಾ. ಹಳೆಯ ಫೋಟೋಗಳನ್ನು ಫೋನಿನಲ್ಲಿ ಹುಡುಕಿದಳು. ನಕ್ಸೋಸ್‌ನ ಒಂದು ಬಿಳಿ ಗೋಡೆಯ ಮೇಲೆ ಕೂತ ಹೇಮಾ. ಅದೇ ಗೋಡೆಯ ಮೇಲೆ ಕೂತ ನಾನು. ಮಗಳ ಬೆರಳು ಏನೋ ಮಾಡಿತು. ಗೋಡೆ ಒಂದಾಯಿತು, ನಾವು ಪಕ್ಕಪಕ್ಕ ಬಂದೆವು. "ದೇರ್. ಫಿಕ್ಸ್ಡ್."

ಹೇಮಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಚೆನ್ನಾಗಿದೀವಿ," ಎಂದಳು. ಅವಳ ನೆರಳು ಗೋಡೆಯ ಎಡಕ್ಕೆ ಬಿದ್ದಿತ್ತು, ನನ್ನದು ಬಲಕ್ಕೆ. ಅವಳದು ಬೆಳಗು, ನನ್ನದು ಸಂಜೆ. ಇನ್ನು ಕೆಲವು ವರ್ಷಗಳಲ್ಲಿ ಈ ಚಿತ್ರವೂ ನನಗೆ ನೆನಪಾಗಿ ಬರುತ್ತದೆ. ನೆರಳುಗಳನ್ನು ನೋಡಬೇಕೆಂದು ಆಗ ನನಗೆ ಹೊಳೆಯುತ್ತದೆಯೇ?

ಗೊತ್ತಿರುವುದು ಇಷ್ಟು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ನಾನು ಸೂಟ್‌ಕೇಸು ತಳ್ಳುತ್ತ ಹೊರಬಂದಾಗ, ಅವಳು ಇರುತ್ತಾಳೋ ಇಲ್ಲವೋ ಎಂದು ತಲೆಯೆತ್ತಲು ಹೆದರಿದ್ದೆ. ಮೊದಲು ಕಂಡದ್ದು ಅವಳ ಚಪ್ಪಲಿ. ಪಕ್ಕದಲ್ಲಿ ಚಿಕ್ಕಮ್ಮನ ಸ್ನೀಕರ್ಸು. ಏರ್‌ಪೋರ್ಟು ಯಾರ ಮನೆಯೂ ಅಲ್ಲ ಎಂದು ಅಮ್ಮ ತೀರ್ಪು ಕೊಟ್ಟಿದ್ದರಂತೆ. ಚಪ್ಪಲಿಯಲ್ಲಿ ಸಂಶಯವಿಲ್ಲ. ಅದನ್ನು ಚಿಕ್ಕಮ್ಮನೂ ಕಂಡಿದ್ದಾರೆ.

ಇಷ್ಟು ವರ್ಷ, ಬಂದರಿನಲ್ಲಿ ಆ ಬ್ರೆಡ್ಡು ತಿನ್ನಿಸಿದ್ದರಿಂದ ಅವಳು ನನ್ನವಳಾಗಿ ಬಂದಳು ಎಂದುಕೊಂಡಿದ್ದೆ. ಅದು ನಡೆಯದಿದ್ದರೆ? ಅವಳು ಕೊನೆಗೆ ಕಂಡದ್ದು ವಾಂತಿ ಮಾಡುವ ಒಂದು ಬೆನ್ನನ್ನು. ಅದನ್ನು ಕಂಡು ಯಾರಾದರೂ ಬರುತ್ತಾರೆಯೇ? ಈ ಭಾನುವಾರ, ಮಗಳು ಎದ್ದು ಹೋದ ಮೇಲೆ, ಮೊದಲ ಸಲ ಕೇಳಿದೆ.

"ಅಥೆನ್ಸಲ್ಲಿ ಈ ಕಡೆ ಫ್ಲೈಟ್ ಯಾಕೆ ಹತ್ತಿದೆ?"

ಹೇಮಾ ನನ್ನ ಮುಖ ನೋಡಿದಳು. ಬ್ರೆಡ್ಡು ಮುರಿದಳು, ಎಣ್ಣೆಯಲ್ಲಿ ಅದ್ದಿದಳು, ಚಟ್ನಿಪುಡಿಯಲ್ಲಿ ಒತ್ತಿ ನನ್ನ ಬಾಯಿಗೆ ಹಿಡಿದಳು.

"ತಿನ್ನು. ಆರ್ತಾ ಇದೆ."

ತಿಂದೆ. ಅದೇ ರುಚಿ. ಅವಳು ಯಾಕೆ ಬಂದಳೆಂದು ನನಗೆ ಗೊತ್ತಿಲ್ಲ.