ಬಾರದವರ ಮನೆಗೆ ಹೋಗುತ್ತಿದ್ದವರು

ಅವರ ಬಲಗೈ ಹೆಬ್ಬೆರಳು ಸದಾ ನೇರಳೆ. ಸ್ಟ್ಯಾಂಪ್ ಪ್ಯಾಡಿನ ಶಾಯಿ ಉಗುರಿನ ಸಂದಿಗಿಳಿದು, ಊಟಕ್ಕೆ ಮುಂಚೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ನಮ್ಮ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಇಡುವ ಕೋಣೆಯ ಗುಮಾಸ್ತರು. ವಿಜಯಪುರದ ಕಡೆಯವರು. ವಾರ್ಡ್‌ಬಾಯ್‌ನಿಂದ ಡೀನ್‌ವರೆಗೆ ಎಲ್ಲರಿಗೂ ‘ಮಾಮಾ’.

ಮಾಮಾಗೆ ಒಂದು ಹುಚ್ಚಿತ್ತು. ಆಪರೇಷನ್ ಆಗಿ ಮನೆಗೆ ಹೋದವರಿಗೆಲ್ಲ ಆರು ತಿಂಗಳಿಗೊಂದು ಅಂಚೆ ಕಾರ್ಡು ಹಾಕುವರು: ನೋವಿದೆಯೇ, ನಡೆಯುತ್ತೀರಾ? ಉತ್ತರ ಬಂದರೆ ಅದನ್ನು ಕೇಸ್ ಪೇಪರಿಗೆ ದಾರದಿಂದ ಹೊಲಿಯುವರು. ಬಾರದಿದ್ದರೆ ಭಾನುವಾರ, ಅವರ ಬಾಯಲ್ಲಿ ‘ಐತಾರ’, ಲೋಕಲ್ ರೈಲು ಹಿಡಿದು ತಾವೇ ಹೋಗುವರು. ಯಾರೂ ಹೇಳಿದ ಕೆಲಸವಲ್ಲ.

ನಾನಾಗ ಹೊಸ ಮೂಳೆ ಡಾಕ್ಟರು, ಕೊಬ್ಬು ಜಾಸ್ತಿ. ನಮ್ಮಲ್ಲಿ ಸೊಂಟದ ಆಪರೇಷನ್ ಆದವರೆಲ್ಲ ಚೆನ್ನಾಗಿದ್ದಾರೆಂದು ಪ್ರಬಂಧ ಬರೆದು ಮಾಮಾಗೆ ತೋರಿಸಿದೆ. ಅವರು ನಿಧಾನವಾಗಿ ಓದಿ, “ತಿರುಗಿ ಬಂದವ್ರನ್ನಷ್ಟ ಎಣಿಸೀರಿ. ಬಾರದವ್ರು ಎಲ್ಲಿ ಹೋದ್ರು, ಡಾಕ್ಟರಬಾಯಿ?” ಎಂದರು.

“ಆರಾಮಾಗಿರ್ತಾರೆ ಮಾಮಾ, ಅದಕ್ಕೇ ಬಂದಿಲ್ಲ.”

“ಹಂಗಂತ ಯಾರು ಹೇಳ್ಯಾರ? ನಡೀರಿ, ನೋಡಿ ಬರೂಣು.”

ಮಲಾಡ್‌ನ ಒಂದು ಚಾಳಿನ ಎರಡನೆಯ ಮಹಡಿಯಲ್ಲಿ, ನಾನೇ ಆಪರೇಷನ್ ಮಾಡಿದ್ದ ಹೆಂಗಸು ನೆಲದ ಮೇಲೆ ತೆವಳುತ್ತಿದ್ದಳು. ಮೆಟ್ಟಿಲಿಳಿಯಲಾಗದವಳು ನಮ್ಮಲ್ಲಿಗೆ ಬರುವುದೆಲ್ಲಿಂದ ಬಂತು! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಾಪಸ್ ಬರುವಾಗ ಮಾಮಾ ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟರು.

ಅವರ ಕಾರ್ಡುಗಳನ್ನು ಮುಂದಿಟ್ಟುಕೊಂಡು ಪ್ರಬಂಧವನ್ನು ಮೊದಲಿಂದ ಬರೆದೆ. ಅದರಿಂದಲೇ ನನಗೆ ಹೆಸರು ಬಂತು. ಅವರ ಹೆಸರು ಅದರಲ್ಲಿ ಇರಲಿಲ್ಲ. ಹಾಕಬೇಕೆಂದು ನನಗೆ ಹೊಳೆಯಲೇ ಇಲ್ಲ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಸುಳ್ಳು. ಹೊಳೆದಿತ್ತು.

ಚಿಕಿತ್ಸೆಯ ಫಲವನ್ನು ಪುರಾವೆ ಹಿಡಿದು ಪರೀಕ್ಷಿಸುವುದಕ್ಕೆಂದೇ ವಿಶ್ವವಿದ್ಯಾಲಯ ಒಂದು ಸಂಸ್ಥೆ ತೆರೆಯಿತು. ನಾನೇ ಮುಖ್ಯಸ್ಥೆ. ಜಾಗ ಬೇಕಿತ್ತು, ನಿವೃತ್ತಿಯಾಗಲಿದ್ದ ಮಾಮಾನ ಕೋಣೆ ಕಣ್ಣಿಗೆ ಬಿತ್ತು. ಹಳೆಯ ಕೇಸ್ ಪೇಪರ್‌ಗಳನ್ನು ರದ್ದಿಗೆ ಹಾಕುವ ಆದೇಶಕ್ಕೆ ಸಹಿ ಹಾಕಿದವಳೂ ನಾನೇ. ಪುರಾವೆಯ ಸಂಸ್ಥೆ ಕಟ್ಟಲು ಪುರಾವೆಯನ್ನೇ ಹೊರಗೆ ಹಾಕಿದ ಜಾಣರು ನಾವು!

ಉದ್ಘಾಟನೆಯ ಭಾಷಣದಲ್ಲಿ ಗಂಭೀರವಾಗಿ ಕೇಳಿದೆ: “ಬಾರದವರು ಎಲ್ಲಿ ಹೋದರು?” ಚಪ್ಪಾಳೆ ಬಿತ್ತು. ಕರೆಯದೆ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ ಮಾಮಾ ಕೂಡ ಚಪ್ಪಾಳೆ ತಟ್ಟಿದರು. ಆಮೇಲೆ ಹತ್ತಿರ ಬಂದು, “ಕೋಣಿ ಹೋದ್ರ ಹೋಗ್ಲಿ. ಕಾರ್ಡಿನ ಕೆಲಸ ನಿಲ್ಲಿಸಬ್ಯಾಡ್ರಿ” ಎಂದರು.

“ಇಲ್ಲ ಮಾಮಾ, ಇನ್ನು ನಾವೇ ಮಾಡ್ತೀವಿ.”

ಮಾಡಿದ್ದೇನು? ಮೊಬೈಲಿಗೆ ಒಂದು ಮೆಸೇಜು. ಉತ್ತರ ಬಾರದಿದ್ದರೆ ಕಂಪ್ಯೂಟರೇ ಆ ಹೆಸರನ್ನು ಲೆಕ್ಕದಿಂದ ತೆಗೆದುಬಿಡುತ್ತದೆ. ಭಾನುವಾರ ಹೋಗುವವರು ಯಾರೂ ಇಲ್ಲ.

ಮರುವರ್ಷ ಮಾಮಾ ಬಿದ್ದು ಸೊಂಟ ಮುರಿದುಕೊಂಡರು. ನಮ್ಮಲ್ಲೇ ಆಪರೇಷನ್ ಆಯಿತು. ಡಿಸ್ಚಾರ್ಜ್ ದಿನ ಕೈ ಕುಲುಕಿ ಕಳಿಸಿದೆ. ಆಮೇಲೆ ನನ್ನ ಕೆಲಸದಲ್ಲಿ ಮುಳುಗಿದೆ. ಸಂಸ್ಥೆಯ ಮೊದಲ ವರದಿ ಅಚ್ಚಾದ ವಾರ ವಾರ್ಡ್‌ಬಾಯ್ ಒಬ್ಬ ಲಿಫ್ಟಿನಲ್ಲಿ ಸಿಕ್ಕು, “ಮಾಮಾ ಹೋಗಿ ಎರಡು ತಿಂಗಳಾಯ್ತಲ್ಲ ಮ್ಯಾಡಮ್” ಎಂದ.

ಅವತ್ತೇ ವಿಕ್ರೋಳಿಗೆ ಓಡಿದೆ. ಅವರ ಮನೆಗೆ ಅದೇ ಮೊದಲ ಸಲ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಗಾಯ ಕೀವು ಕಟ್ಟಿ, ಕೊನೆಯ ತಿಂಗಳುಗಳಲ್ಲಿ ಎದ್ದೇ ಇರಲಿಲ್ಲವಂತೆ. ಮನೆಯವರು ಆಸ್ಪತ್ರೆಗೆ ಫೋನ್ ಮಾಡುತ್ತೇವೆಂದರೆ ಬೇಡವೆನ್ನುತ್ತಿದ್ದರಂತೆ. ಅವರ ಹೆಂಡತಿ ನನಗೆ ನೀರು ಕೊಟ್ಟು ಹೇಳಿದರು:

“ಪ್ರತಿ ಐತಾರ ಬಾಗಲಾ ತೆರದ ಇಡಸ್ತಿದ್ರವ್ವಾ. ‘ನಾ ಹೋಗಲಿಲ್ಲಂದ್ರ ಡಾಕ್ಟರಬಾಯಿ ತಾನ ಹುಡುಕ್ಕೋತ ಬರ್ತಾಳ, ಆಕಿಗೆ ನಾನ ಕಲಿಸೀನಿ’ ಅಂತಿದ್ರು.”

ವರದಿಯಲ್ಲಿ ಸೊಂಟದ ಆಪರೇಷನ್‌ಗಳ ಫಲ ಬಹಳ ಚೆನ್ನಾಗಿದೆ. ತಿರುಗಿ ಬಂದವರನ್ನಷ್ಟೇ ಎಣಿಸಿದ್ದೇವೆ. ಮಾಮಾ ಅದರಲ್ಲಿಲ್ಲ.