ಓಣಿಯ ಮೂಗು

ಬನಹಟ್ಟಿಯ ಆ ಓಣಿಗೆ ಕಣ್ಣು ಬೇಕಾದಷ್ಟಿದ್ದವು, ಬಾಯಿಗಳನ್ನಂತೂ ಕೇಳಲೇಬೇಡಿ. ಮೂಗು ಮಾತ್ರ ಒಂದೇ. ಅದು ಕಾಶಪ್ಪನದು.

ಯಾರ ಮನೆಯ ಹಾಸು ನೂಲಿಗೆ ಗಂಜಿ ಹಚ್ಚುವುದಿದ್ದರೂ ಬೆಳಗಾಗುತ್ತಲೇ ಗಂಜಿಯ ಗಡಿಗೆ ಕಾಶಪ್ಪನ ಕಟ್ಟೆಗೆ ಬರಬೇಕು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು. ಗಂಜಿ ಕುಡಿಯದಿದ್ದರೆ ಅತ್ತಿತ್ತ ಓಡುವ ಲಾಳಿಯ ಏಟಿಗೆ ಪಟಪಟನೆ ಹರಿಯುತ್ತದೆ. ಹಿಂದಿನ ದಿನ ಕುದಿಸಿಟ್ಟ ಗಂಜಿ ತುಸು ಹುಳಿಯಾಗಬೇಕು, ಹಳಸಬಾರದು. ಹಳಸಿದ್ದನ್ನು ಹಚ್ಚಿದರೆ ನೂಲು ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದು, ಇಡೀ ಹಾಸೇ ಹೋಯಿತು. ಆ ಹುಳಿಗೂ ಈ ಹಳಸಿಗೂ ನಡುವೆ ಕೂದಲೆಳೆಯಷ್ಟು ದಾರಿ. ಕಾಶಪ್ಪ ಗಡಿಗೆಯ ಮೇಲೆ ಬಾಗಿ ಒಂದು ಸಲ ಉಸಿರೆಳೆದು, "ಹಚ್ರಿ" ಅಂದರೆ ಹಚ್ಚಬೇಕು, "ಚೆಲ್ರಿ" ಅಂದರೆ ಚೆಲ್ಲಬೇಕು. ಅವನ ಅಪ್ಪನ ಮೂಗೂ ಹಾಗೆಯೇ ಇತ್ತಂತೆ.

ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ಅಕ್ಕ ಶೇವಂತಿ. ತಾಯಿ ತೀರಿಕೊಂಡಾಗ ಕಾಶಪ್ಪ ಇನ್ನೂ ತೊಡೆಯ ಮೇಲಿನ ಕೂಸು. ಅವನನ್ನು ಎತ್ತಿಕೊಂಡ ಶೇವಂತಿ ಮದುವೆಯ ಮಾತು ಬಂದಾಗಲೆಲ್ಲ, "ಇವನ್ನ ಯಾರ ಕೈಯಾಗ ಕೊಡ್ಲಿ?" ಅನ್ನುತ್ತ ಅನ್ನುತ್ತ ತವರಿನಲ್ಲೇ ತಲೆ ನರೆಸಿಕೊಂಡಳು. ತಮ್ಮ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಅಕ್ಕ ರಾಟೆಯ ಮುಂದೆ ಕುಳಿತು, ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ವರ್ಷಗಟ್ಟಲೆ ಅರಳೆಯ ಧೂಳು ಕುಡಿದು ಅವಳಿಗೆ ದಮ್ಮು ಹತ್ತಿತ್ತು.

ಆ ಓಣಿಯಲ್ಲೊಂದು ಪದ್ಧತಿಯಿದೆ. ಯಾರ ಮನೆಯಲ್ಲಾದರೂ ಸಾವಾದರೆ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತವೆ, ಕೈಮಗ್ಗವೂ ಅಷ್ಟೆ, ಕರೆಂಟಿನ ಮಗ್ಗವೂ ಅಷ್ಟೆ. ಮಣ್ಣು ಕೊಟ್ಟು ಬಂದಮೇಲೆ ಸಾವಿನ ಮನೆಯವರೇ ಮೊದಲು ಮಗ್ಗಕ್ಕೆ ಕೂತು ಲಾಳಿ ಒಗೆಯಬೇಕು. ಆ ಸಪ್ಪಳ ಕೇಳಿದಮೇಲೆಯೇ ಉಳಿದವರು ಕೈಹಚ್ಚುವುದು. ಕೊರೋನಾ ಬಂದ ವರ್ಷ ಹೆಣ ಬೀಳದೆಯೇ ಮಗ್ಗ ನಿಂತವು. ಮುದುಕರು ಕಟ್ಟೆಗೆ ಬಂದು, ಸಪ್ಪಳವಿಲ್ಲದ ಓಣಿಯನ್ನು ನೋಡಿ, "ಯಾರು ಹ್ವಾದ್ರಪಾ?" ಎಂದು ಕೇಳಿದ್ದೂ ಉಂಟು.

ಆಷಾಢದ ಹೊತ್ತಿಗೆ ಸರಕಾರ ಬಾಗಿಲು ತೆಗೆಯಿತು. ಶ್ರಾವಣಕ್ಕೆ ಸೀರೆ ಬೇಕೆಂದು ವ್ಯಾಪಾರಿಗಳು ನೂಲು ಕಳಿಸಿದರು. ಮಗ್ಗ ಮತ್ತೆ ಮಾತಾಡತೊಡಗಿದವು. ಅದರ ಬೆನ್ನಿಗೇ ಆಶಾ ಕಾರ್ಯಕರ್ತೆ ನಂದಾ ಮನೆಮನೆಗೆ ಬಂದಳು. ಶಾಲೆಯಲ್ಲಿ ಟೆಸ್ಟ್ ಮಾಡುತ್ತಾರೆ, ಮನೆಗೊಬ್ಬರಾದರೂ ಬರಬೇಕು ಎಂದಳು. ಅವತ್ತು ಸಂಜೆ ಅವಳೆದುರಿಗೇ ಕಟ್ಟೆಯ ಮೇಲೆ ವಾದ ಹತ್ತಿತು.

"ಬ್ಯಾನಿ ಇಲ್ಲದಾಗ ಮನ್ಯಾಗ ಕೂಡಿಹಾಕಿದ್ರು, ಬ್ಯಾನಿ ಬಂದಮ್ಯಾಲ ಬಾಗಲಾ ತಗದ್ರು," ಎಂದ ಕಾಶಪ್ಪ. "ಇದ್ಯಾವ ಶಾಣ್ಯಾತನಾನೋ ಪ್ರಭ್ಯಾ?"

ಪ್ರಭುಲಿಂಗ ಎದುರುಮನೆಯವನು, ಸಣ್ಣಂದಿನ ಗೆಳೆಯ. "ಆವಾಗ ದವಾಖಾನಿ ಸಜ್ಜ ಮಾಡ್ಕೊಳ್ಳಾಕ ವ್ಯಾಳ್ಯಾ ಬೇಕಾಗಿತ್ತು. ಈಗ ಟೆಸ್ಟ್ ಮಾಡಿ ಹುಡಕಬೇಕು. ಹಾಸಿನ್ಯಾಗ ಒಂದ ಎಳಿ ಹರದ್ರ ಹುಡುಕಿ ಗಂಟ ಹಾಕತೀಯೋ, ಕಣ್ಣ ಮುಚ್ಚಿ ನೇಯತೀಯೋ?"

"ಒಂದ ಎಳಿ ಹರದ್ರ ಆ ಒಂದ ಎಳಿಗೆ ಗಂಟ ಹಾಕ್ತೀನಿ. ಇವ್ರು ಇಡೀ ಹಾಸು ಕತ್ತರಸ್ತಾರಲ್ಲೋ! ಒಬ್ಬಗ ಬಂದ್ರ ಓಣಿಗೆಲ್ಲಾ ಬಿದರಿನ ಗಳಾ ಕಟ್ತಾರ. ಒಳಗಿದ್ದವ್ರಿಗೆ ಹಾಲು ಯಾರು ತಂದಕೊಡ್ತಾರ, ನಿಮ್ಮಪ್ಪ?"

"ನಮ್ಮಪ್ಪ ಸತ್ತು ಎಷ್ಟ ವರ್ಷಾತು, ಅವನ್ನ ಯಾಕ ಎಬ್ಬಸ್ತೀ?"

ಎಲ್ಲರೂ ನಕ್ಕರು. ನಂದಾ ಮಾತ್ರ ನಗಲಿಲ್ಲ. "ಕಾಕಾರ, ಖರೆ ಹೇಳ್ತೀನ್ರಿ, ಗಳಾ ಕಟ್ಟೂದು ನನಗೂ ಸೇರೂದಿಲ್ಲ. ಆದ್ರ ದಮ್ಮಿನವ್ರು, ವಯಸ್ಸಾದವ್ರು ಇದ್ದ ಮನ್ಯಾಗ ಲಗೂನ ಗೊತ್ತಾದ್ರ ಉಳೀತಾರ್ರಿ. ಶೇವಂತಿ ಅತ್ತೀನರ ನೆನಸ್ಕೊಳ್ರಿ."

"ರಿಪೋರ್ಟ್ ಯಾವಾಗ ಬರ್ತೈತಬೇ?" ಕಾಶಪ್ಪ ಕೇಳಿದ.

"ತಡಾ ಆಗ್ತೈತ್ರಿ. ಸುಳ್ಳ್ಯಾಕ ಹೇಳ್ಲಿ."

"ಕೇಳಿದ್ರ್ಯಾ?" ಕಾಶಪ್ಪ ಎದ್ದುನಿಂತು ತನ್ನ ಮೂಗಿನ ಮೇಲೆ ಬೆರಳಿಟ್ಟ. "ಈ ಮೂಗು ಓಣೀದು. ಇದರಾಗ ಸರಕಾರದ ಕಡ್ಡಿ ಹೋಗೂದಿಲ್ಲ."

ಮರುದಿನ ಆ ಓಣಿಯಿಂದ ಶಾಲೆಯ ಕಡೆಗೆ ಯಾರೂ ಹೋಗಲಿಲ್ಲ. ಟೆಸ್ಟ್ ಬೇಕೆಂದು ವಾದಿಸಿದ್ದ ಪ್ರಭುಲಿಂಗ ಕೂಡ ಹೋಗಲಿಲ್ಲ. ಒಬ್ಬನೇ ಹೋಗಿ ಓಣಿಗೆ ಎರವಾಗುವುದು ಹೇಗೆ?

ಅದೇ ವಾರ ಪ್ರಭುಲಿಂಗನ ಹಾಸಿಗೆ ಗಂಜಿ ಹಚ್ಚುವುದಿತ್ತು. ಮುಂಜಾನೆ ಹಾಸನ್ನು ಓಣಿಯುದ್ದಕ್ಕೂ ಜಗ್ಗಿ ಕಟ್ಟಿದರು. ಇಂಥ ಕೆಲಸಕ್ಕೆ ಯಾರೂ ಕರೆಯಬೇಕಾಗಿಲ್ಲ, ಮನೆಗೊಬ್ಬರು ಕುಂಚ ಹಿಡಿದು ಬರುತ್ತಾರೆ. ಗಡಿಗೆ ಕಾಶಪ್ಪನ ಮುಂದೆ ಬಂತು. ಅವನು ಮಾಸ್ಕನ್ನು ಗದ್ದಕ್ಕೆ ಇಳಿಸಿ, ಬಾಗಿ, ಉಸಿರೆಳೆದ.

ಏನೂ ಬರಲಿಲ್ಲ.

ಮತ್ತೊಮ್ಮೆ ಎಳೆದ. ಹುಳಿಯ ವಾಸನೆಯೂ ಇಲ್ಲ, ಹಳಸಿದ ವಾಸನೆಯೂ ಇಲ್ಲ. ಗಡಿಗೆಯೊಳಗೆ ಗಂಜಿಯೇ ಇಲ್ಲವೇನೋ ಅನ್ನುವ ಹಾಗೆ. ಓಣಿಯೆಲ್ಲ ಅವನ ಮುಖ ನೋಡುತ್ತಿತ್ತು. ಗೊತ್ತಾಗುತ್ತಿಲ್ಲ ಎಂಬ ಮಾತು ಅವನ ವಂಶದಲ್ಲೇ ಯಾರೂ ಆಡಿದ್ದಲ್ಲ.

"ಛಲೋ ಐತಿ. ಹಚ್ರಿ."

ಕುಂಚಗಳು ಅರ್ಧ ಹಾಸು ದಾಟಿದ್ದವು. ಬಿಸಿಲು ಏರಿತು. ಪ್ರಭುಲಿಂಗ ಕುಂಚ ನಿಲ್ಲಿಸಿ ಮೂಗು ಮುಚ್ಚಿಕೊಂಡ. "ಲೇ ಕಾಶ್ಯಾ, ನಾತಾ ಹೊಡ್ಯಾಕತ್ತೈತಲ್ಲೋ! ಹಳಸೇತಿ ಇದು!"

ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸರಿದರು, ಮೊದಲು ನೂಲಿನಿಂದ, ಆಮೇಲೆ ಕಾಶಪ್ಪನಿಂದ. ವಾಸನೆ ಹೋಗುವುದೇ ಗುರುತು ಎಂದು ನಂದಾ ಮನೆಮನೆಗೆ ಹೇಳಿ ಹೋಗಿದ್ದಳಲ್ಲ.

"ನಿನಗ ಬರಲಿಲ್ಲೇನು?" ಪ್ರಭುಲಿಂಗ ಮೆಲ್ಲಗೆ ಕೇಳಿದ.

"ಮಾಸ್ಕ್ ಇತ್ತಲ್ಲೋ," ಎಂದ ಕಾಶಪ್ಪ. ಮಾಸ್ಕು ಗದ್ದದ ಕೆಳಗೆ ಜೋತಾಡುತ್ತಿತ್ತು.

ಮನೆಯೊಳಗೆ ಬಂದವನೇ ಇಂಗಿನ ಡಬ್ಬಿ ತೆಗೆದು ಮೂಸಿದ. ಬೆಳ್ಳುಳ್ಳಿ ಜಜ್ಜಿ ಮೂಸಿದ. ಸೀಮೆಎಣ್ಣೆಯ ಬುಡ್ಡಿಗೆ ಮೂಗು ಹಚ್ಚಿದ. ರಾಟೆ ನಿಂತಿತು.

"ಏನ ಹುಡಕಾಕತ್ತೀಯೋ ತಮ್ಮಾ?" ಎಂದು ಕೇಳಿ ಶೇವಂತಿ ಕೆಮ್ಮಿದಳು. ಧೂಳಿನ ಕೆಮ್ಮು ಅವನಿಗೆ ಗೊತ್ತಿತ್ತು. ಇದು ಅದಲ್ಲ, ಆಳದಿಂದ ಬರುತ್ತಿತ್ತು.

"ಯಕ್ಕಾ, ಯಾವಾಗಿಂದ ಈ ಕೆಮ್ಮು?"

"ನಿನ್ನಿ ಮೊನ್ನಿ. ಅರಳಿ ಧೂಳಪಾ."

"ನಂದಾನ್ನ ಕರೀತೀನಿ."

ಅವಳು ಗಾಬರಿಯಾದಳು. "ಬ್ಯಾಡೋ! ನೀನs ಬ್ಯಾಡಂದಾಂವ, ಈಗ ನೀನs ಹೋದ್ರ ಮಂದಿ ಮಾರಿ ಮ್ಯಾಲ ಉಗಳ್ತಾರ. ಶ್ರಾವಣದ ಕೆಲಸಾ ಬಂದೈತಿ, ಎಲ್ಲಾರ ಮಗ್ಗಾ ನಮ್ಮಿಂದ ನಿಲ್ಲಬೇಕೇನು? ಕಷಾಯ ಕುಡದ್ರ ಹೋಗ್ತೈತಿ."

ಕಾಶಪ್ಪ ಅವತ್ತು ಕಷಾಯ ಕುದಿಸಿದ. ಹೌದು, ಅವತ್ತು ಅವನು ಹೋಗಲಿಲ್ಲ. ಮರುದಿನ ಅಕ್ಕ ಕಂಡಿಕೆ ಸುತ್ತುವಾಗ ನಡುನಡುವೆ ರಾಟೆ ನಿಲ್ಲಿಸಿ ಉಸಿರು ಕೂಡಿಸಿಕೊಳ್ಳುವುದನ್ನು ಕಂಡ. ಒಂದು ಕಂಡಿಕೆಗೆ ಅಷ್ಟು ನಿಲುಗಡೆ ಅವನು ಎಂದೂ ಕೇಳಿದ್ದಿಲ್ಲ. ಎದ್ದು ಓಣಿಯ ನಟ್ಟನಡುವೆ ನಿಂತು, ಎಲ್ಲರಿಗೂ ಕೇಳುವಂತೆ ನಂದಾಳಿಗೆ ಫೋನು ಹಚ್ಚಿದ.

"ನಂದಾ, ಕಡ್ಡಿ ತಗೊಂಡ ಬರಾಕ ಹೇಳಬೇ ಅವರಿಗೆ. ನನಗ ವಾಸನಿ ಹತ್ತವಲ್ದು. ಅಕ್ಕಗ ದಮ್ಮು ಜಾಸ್ತಿ ಆಗೈತಿ."

ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಇಬ್ಬರಿಗೂ ಇದೆ ಎಂದು ರಿಪೋರ್ಟ್ ಬಂತು. ಓಣಿಯ ಎರಡೂ ತುದಿಗೆ ಬಿದಿರಿನ ಗಳ ಬಿದ್ದವು. ಕಾಶಪ್ಪನನ್ನು ಕೊರೋನಾದವರನ್ನು ಇಡುತ್ತಿದ್ದ ಒಂದು ಹಾಸ್ಟೆಲ್‌ಗೆ ಒಯ್ಯುವುದೆಂದೂ ಶೇವಂತಿಯನ್ನು ಜಮಖಂಡಿಯ ದವಾಖಾನೆಗೆ ಒಯ್ಯುವುದೆಂದೂ ಆಯಿತು. ಅವರಿಬ್ಬರೂ ಗಾಡಿ ಹತ್ತುವಾಗ ಪ್ರಭುಲಿಂಗ ತನ್ನ ಕಟ್ಟೆಯಿಂದಲೇ ಕೂಗಿದ. "ಹಾಸೂ ಕೆಡಿಸಿದಿ, ಓಣೀನೂ ಮುಚ್ಚಿಸಿದಿ. ಮೊದಲs ಹೋಗಿದ್ರ ಏನಾಗ್ತಿತ್ತಲೇ?" ಶೇವಂತಿಯೇ ಉಸಿರು ಕೂಡಿಸಿಕೊಂಡು ಹೇಳಿದಳು. "ಪ್ರಭೂ, ಬಯ್ಯಬ್ಯಾಡೋ ಅವಗ. ಕಂಡಿಕಿ ಬುಟ್ಟಿ ತುಂಬಿ ಇಟ್ಟೀನಿ, ಬಂದಮ್ಯಾಲ ಅಂವ ಒಬ್ಬನs ಸುತ್ತಕೋತ ಕುಂದ್ರಬಾರದಂತ."

ಓಣಿಯವರನ್ನೆಲ್ಲ ಟೆಸ್ಟ್ ಮಾಡಿದರು. ಪ್ರಭುಲಿಂಗನ ತಾಯಿಗೂ ಇತ್ತು. ಲಗೂನೆ ಗೊತ್ತಾದ್ದರಿಂದ ಮುದುಕಿ ಉಳಿದುಕೊಂಡಳು. ಶೇವಂತಿ ಉಳಿಯಲಿಲ್ಲ. ಮೊದಲ ದಿನ ಬೆಡ್ ಸಿಗದೆ ವರಾಂಡದಲ್ಲೇ ಕೂತಿದ್ದಳಂತೆ. ಹಾಸ್ಟೆಲ್ಲಿನ ಕಿಟಕಿಯ ಹತ್ತಿರ ನಿಂತು ಕಾಶಪ್ಪ ಸುದ್ದಿಯನ್ನು ಫೋನಿನಲ್ಲಿ ಕೇಳಿದ. ಬಿಳಿ ಅಂಗಿಯ ಅಪರಿಚಿತರು ಅವಳಿಗೆ ಮಣ್ಣು ಕೊಟ್ಟರು. ತಾನು ಹೊತ್ತು ತಿರುಗಿದ ತಮ್ಮನ ಕೈಯಿಂದ ಒಂದು ಹಿಡಿ ಮಣ್ಣೂ ಅವಳಿಗೆ ಬೀಳಲಿಲ್ಲ.

ಅವನು ಮರಳಿ ಬರುವ ಮೊದಲೇ ಓಣಿಯ ಗಳ ಬಿಚ್ಚಿದ್ದರು. ಹಾಲಿನವನ ಸೈಕಲ್ಲು ಒಳಗೆ ಬಂದಿತ್ತು. ಆದರೆ ಒಂದು ಮಗ್ಗದ ಸಪ್ಪಳವೂ ಇರಲಿಲ್ಲ. ನನ್ನ ಮೇಲಿನ ಸಿಟ್ಟಿಗೇ ನಿಲ್ಲಿಸಿದ್ದಾರೆ ಎಂದುಕೊಂಡು ಕಾಶಪ್ಪ ತಲೆತಗ್ಗಿಸಿ ನಡೆದ. ಅವನ ಬಾಗಿಲ ಮುಂದೆ ಪ್ರಭುಲಿಂಗ ಕುಳಿತಿದ್ದ.

"ಗಳಾ ತಗದಮ್ಯಾಲೂ ಯಾಕೋ ನಿಲ್ಲಿಸೀರಿ?" ಕಾಶಪ್ಪ ಕೇಳಿದ.

"ಸಾವಿನ ಮನಿ ಮಗ್ಗಾ ಮೊದಲ ನಡೀಬೇಕಲ್ಲೋ," ಎಂದ ಪ್ರಭುಲಿಂಗ. "ನೀ ಬರೂತನಕಾ ನಾವು ಹೆಂಗ ಹಚ್ಚೂಣು?"

"ಶ್ರಾವಣದ ಕೆಲಸಾ?"

"ಶ್ರಾವಣ ಮುಂದಿನ ವರ್ಷಾನೂ ಬರ್ತೈತಿ. ನಡಿ ಒಳಗ."

ಕಂಡಿಕೆಯ ಬುಟ್ಟಿ ಮಗ್ಗದ ಪಕ್ಕಕ್ಕೇ ಇತ್ತು. ಮೇಲಿನದೊಂದನ್ನು ಕೈಗೆತ್ತಿಕೊಂಡ ಕಾಶಪ್ಪ ಮೂಗಿಗೆ ಹಿಡಿದ. ಏನೂ ಬರಲಿಲ್ಲ. ಲಾಳಿಯೊಳಗೆ ಕೂಡಿಸಿ ಒಗೆದ. ಒಂದು ಏಟು. ಎರಡನೆಯದಕ್ಕೆ ಕೈ ಏಳಲಿಲ್ಲ, ಆದರೆ ಎದುರುಮನೆಯ ಮಗ್ಗ ಆಗಲೇ ಉತ್ತರ ಕೊಟ್ಟಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ಓಣಿ.

ಅವನ ಮೂಗು ಈಗ ಅರೆಬರೆ ಮರಳಿದೆ. ಗಡಿಗೆ ಇವತ್ತಿಗೂ ಅವನ ಕಟ್ಟೆಗೇ ಬರುತ್ತದೆ. ಮೂಸಿ ನೋಡಿ, "ಪ್ರಭ್ಯಾ, ನೀನೂ ಒಮ್ಮೆ ನೋಡೋ" ಅನ್ನುತ್ತಾನೆ. ಕಟ್ಟೆಯ ಮೇಲೆ ಆ ವರ್ಷದ ವಾದವೂ ಮುಗಿದಿಲ್ಲ. ಗಳ ಕಟ್ಟಿದ್ದು ತಪ್ಪು ಅನ್ನುವವರು, ಬೆಡ್ ಇಡದೆ ಟೆಸ್ಟ್ ಮಾಡಿದ್ದು ತಪ್ಪು ಅನ್ನುವವರು, ಹಾಗೆ ಮಾಡದಿದ್ದರೆ ಓಣಿಯೇ ಉಳಿಯುತ್ತಿರಲಿಲ್ಲ ಅನ್ನುವವರು. ನಿನ್ನ ಮಾತೇನು ಎಂದು ಕೇಳಿದರೆ ಕಾಶಪ್ಪ ಸರಕಾರವನ್ನು ಈಗಲೂ ಬಿಡುವುದಿಲ್ಲ. "ಬೆಡ್ ಇರಬೇಕಾಗಿತ್ತು," ಅನ್ನುತ್ತಾನೆ. ಆಮೇಲೆ, "ನಾನೂ ಅವತ್ತ ಗಡಗಿ ಮುಂದ, ಗೊತ್ತಾಗವಲ್ದು ಅನ್ನಬೇಕಾಗಿತ್ತು," ಅನ್ನುತ್ತಾನೆ.